‘ಜೀವ ಉಳೀತಲ್ಲ, ಮತ್ತೆಂತಾ ಬೇಕು?’

(ಶಿರಸಿಯಲ್ಲಿ ಹಿರಿಯರ ಸಭೆಯೊಂದರಲ್ಲಿ ಆಡಿದ ಮಾತುಗಳ ಬರಹ ರೂಪ)

ಪ್ರಾಸ್ಟೇಟ್ ಕ್ಯಾನ್ಸರಿನ ಆಪರೇಷನ್ ಮುಗಿಸಿ ಊರಿಗೆ ಬಂದ ಮೇಲೆ ಒಂದು ತಿಂಗಳು ನಮ್ಮ ಮನೆಯ ಜಗಲಿಯಲ್ಲಿ ಜನವೋ ಜನ. ನೋಡಲು ಬಂದವರೆಲ್ಲ ಎದ್ದು ಹೋಗುವಾಗ ಒಂದೇ ಮಾತು ಹೇಳುತ್ತಿದ್ದರು. ‘ಜೀವ ಉಳೀತಲ್ಲ ಭಾವಾ, ಮತ್ತೆಂತಾ ಬೇಕು?’ ಪ್ರೀತಿಯಿಂದಲೇ ಹೇಳಿದ್ದು. ನಾನೂ ಹೌದು ಹೌದು ಎಂದು ತಲೆಯಾಡಿಸುತ್ತಿದ್ದೆ. ಆದರೆ ಆಗ ನಾನು ಕೂತ ಕುರ್ಚಿಯ ಮೇಲೆ ಮಡಚಿದ ಹಳೇ ಪಂಚೆ ಇರುತ್ತಿತ್ತು. ಅದರ ಕೆಳಗೆ ಒಂದು ಪ್ಲಾಸ್ಟಿಕ್ ಚೀಲ. ಯಾರಾದರೂ ತಮಾಷೆ ಮಾಡಿದರೆ ನಗಲು ಹೆದರಿಕೆ. ನಕ್ಕರೆ ಒದ್ದೆಯಾಗುತ್ತಿತ್ತು.

ಹಾಗಾಗಿ ಇವತ್ತು ಆ ಮಾತಿನ ಜೊತೆ ಸ್ವಲ್ಪ ಜಗಳ ಆಡಲು ಬಂದಿದ್ದೇನೆ. ಮತ್ತೆಂತಾ ಬೇಕು ಅಂದರೆ, ತುಂಬಾ ಬೇಕು. ನಗಬೇಕು. ಬಸ್ಸು ಹತ್ತಬೇಕು. ಮದುವೆ ಮನೆಯ ಪಂಕ್ತಿಯಲ್ಲಿ ಕೂರಬೇಕು. ಹೆಂಡತಿಯ ಪಕ್ಕ ಮಲಗಿದಾಗ ಗೋಡೆ ಕಡೆ ತಿರುಗದೆ ಇರಬೇಕು. ಇದನ್ನೆಲ್ಲ ಕೇಳಿದರೆ ಉಳಿದ ಜೀವಕ್ಕೆ ಉಪಕಾರ ಸ್ಮರಣೆ ಇಲ್ಲ ಎಂದಾಗುತ್ತದೆ ಅಂತ ನಾವು ಗಂಡಸರು ಅಂದುಕೊಳ್ಳುತ್ತೇವೆ. ಡಾಕ್ಟರ ಹತ್ತಿರವೂ ಬಾಯಿ ಬಿಡುವುದಿಲ್ಲ.

ನಾನು ಡಾಕ್ಟರಲ್ಲ. ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಕಲಿಸಿ ನಿವೃತ್ತನಾದವನು. ಸಣ್ಣ ಅಡಿಕೆ ತೋಟ ಇದೆ. ವೇಷವಿಲ್ಲದೆ ಕೂತು ಮಾತಲ್ಲೇ ನಡೆಸುವ ಯಕ್ಷಗಾನ, ತಾಳಮದ್ದಳೆಯ ಹುಚ್ಚು ಇದೆ. ಪ್ರಾಸ್ಟೇಟ್ ಕ್ಯಾನ್ಸರ್ ಬಂದಾಗ ನನಗೆ 64, ಈಗ 71. ಮೊದಲು ಆಪರೇಷನ್, ಎರಡು ವರ್ಷದ ಮೇಲೆ ರೇಡಿಯೇಷನ್, ಅದರ ಜೊತೆ ಆರು ತಿಂಗಳು ಹಾರ್ಮೋನ್ ಇಂಜೆಕ್ಷನ್. ಮೂರರ ರುಚಿಯನ್ನೂ ನೋಡಿದ್ದೇನೆ. ಅನುಭವ ನನ್ನದು, ವೈದ್ಯಕೀಯ ಲೆಕ್ಕ ಡಾಕ್ಟರು ನನಗೆ ಬಿಡಿಸಿ ಹೇಳಿದ್ದು. ನಿಮ್ಮ ಮದ್ದನ್ನು ನಿಮ್ಮ ಡಾಕ್ಟರೇ ಹೇಳಬೇಕು.

ಪ್ರಾಸ್ಟೇಟ್ ಎಲ್ಲಿದೆ ಎಂದು ಕಾಯಿಲೆ ಬರುವವರೆಗೆ ನನಗೆ ಗೊತ್ತಿರಲಿಲ್ಲ. ಗಂಡಸರಿಗೆ ಮಾತ್ರ ಇರುವ ಗ್ರಂಥಿ. ಒಂದು ಸಣ್ಣ ಹಣ್ಣಡಿಕೆಯಷ್ಟು ಗಾತ್ರ. ಮೂತ್ರಚೀಲದ ಬುಡದಲ್ಲಿ ಕೂತಿದೆ. ಮೂತ್ರನಾಳ ಅದರ ನಡುವೆಯೇ ಹಾದು ಹೋಗುತ್ತದೆ. ಹಿಂದೆ ತಾಗಿಕೊಂಡೇ ಗುದನಾಳ. ಎರಡೂ ಬದಿಗೆ ಎಳೆ ಎಳೆ ನರಗಳು. ಗಂಡಸುತನ ಎಂದು ನಾವು ಏನನ್ನು ಹೇಳುತ್ತೇವೋ ಅದನ್ನು ನಡೆಸುವುದು ಅವು. ಈಗ ನಮ್ಮ ತೋಟ ನೆನಪು ಮಾಡಿಕೊಳ್ಳಿ. ಮರಕ್ಕೆ ಕಾಳುಮೆಣಸಿನ ಬಳ್ಳಿ ಹಬ್ಬಿದೆ. ಬಳ್ಳಿಗೆ ಪೆಟ್ಟಾಗದಂತೆ ಅಡಿಕೆ ಕೊನೆ ಇಳಿಸಬೇಕು. ಕೊನೆ ಕೊಯ್ಯುವ ಕೊನೆಗೌಡ ಎಷ್ಟೇ ನಿಪುಣನಾಗಿರಲಿ, ನಾಲ್ಕು ಕುಡಿ ಮುರಿದೇ ಮುರಿಯುತ್ತವೆ ಅಲ್ವಾ? ಈ ಆಪರೇಷನ್ನೂ ಹಾಗೇ. ಆ ನರಗಳನ್ನು ಉಳಿಸಿಕೊಂಡು ಗ್ರಂಥಿ ತೆಗೆಯುವ ದಾರಿಯನ್ನು ಅಮೆರಿಕದ ಪ್ಯಾಟ್ರಿಕ್ ವಾಲ್ಶ್ ಎಂಬ ಸರ್ಜನ್ ತೋರಿಸಿದ್ದು 1982ರಲ್ಲಿ. ಅಂದರೆ ನಾನು ಕೆಲಸಕ್ಕೆ ಸೇರುವ ಹೊತ್ತಿಗೆ ಅದು ಹೊಸ ವಿದ್ಯೆ. ಈಗಲೂ ಎಲ್ಲರಿಗೂ ಆ ನರ ಉಳಿಸಲು ಆಗುವುದಿಲ್ಲ. ಕ್ಯಾನ್ಸರ್ ಎಲ್ಲಿಯವರೆಗೆ ಹರಡಿದೆ ಎಂಬುದರ ಮೇಲೆ ಹೋಗುತ್ತದೆ.

ಮೊದಲು ಸೋರುವ ವಿಷಯ. ಇದರ ಬಗ್ಗೆ ಜಾಸ್ತಿ ಹೊತ್ತು ಮಾತಾಡುತ್ತೇನೆ. ನನ್ನನ್ನು ಜಾಸ್ತಿ ಕಾಡಿದ್ದು ಇದೇ.

ಆಪರೇಷನ್ ಆದ ಮೇಲೆ ಹತ್ತು ದಿನ ಮೂತ್ರ ಹೋಗಲು ಪೈಪು ಇತ್ತು. ಪೈಪು ತೆಗೆದರೆ ಆಯಿತು, ಮುಗಿಯಿತು ಎಂದುಕೊಂಡಿದ್ದೆ. ತೆಗೆದ ಮರುಗಳಿಗೆ ಎದ್ದು ನಿಂತೆ. ಕಾಲಿನವರೆಗೆ ಇಳಿಯಿತು. ಹೀಗಾಗುತ್ತದೆ ಎಂದು ಮೊದಲೇ ಹೇಳಿದ್ದರಂತೆ. ಆದರೆ ಕ್ಯಾನ್ಸರ್ ಎಂಬ ಶಬ್ದ ಕಿವಿಗೆ ಬಿದ್ದ ಮೇಲೆ ಉಳಿದದ್ದು ಯಾರ ಕಿವಿಗೆ ಹೋಗುತ್ತದೆ?

ಮೆಡಿಕಲ್ ಶಾಪಿಗೆ ಹೋಗಿ ತಗ್ಗಿದ ದನಿಯಲ್ಲಿ ‘ಪ್ಯಾಡ್ ಕೊಡಿ’ ಎಂದೆ. ಹುಡುಗ ಹೆಂಗಸರ ಪ್ಯಾಡ್ ತಂದು ಪೇಪರಿನಲ್ಲಿ ಸುತ್ತಿ ಕೊಟ್ಟ. ಅಲ್ಲ ಎಂದು ಹೇಳುವ ಧೈರ್ಯ ನನಗಿಲ್ಲ. ದುಡ್ಡು ಕೊಟ್ಟು ಬಂದೆ. ಅದು ಮೂತ್ರಕ್ಕೆ ತಡೆಯುವುದಿಲ್ಲ, ಅರ್ಧ ಗಂಟೆಯಲ್ಲಿ ಪಂಚೆ ಒದ್ದೆ. ಮನೆಯವಳಿಗೆ ಹೇಳಿದರೆ ನಕ್ಕಳು. ‘ನಾವು ಬಟ್ಟೆ ಮಡಚಿಟ್ಟುಕೊಂಡು ಎಷ್ಟೋ ವರ್ಷ ಕೊಟ್ಟಿಗೆ ಕೆಲಸ ಮಾಡಿದೆವು. ನಿಮಗೆ ಒಂದು ವಾರಕ್ಕೇ ಲೋಕ ಮುಳುಗಿತಾ?’ ಎಂದಳು. ಮರುದಿನ ಅವಳೇ ಹೋಗಿ, ‘ನಮ್ಮನೆಯವರಿಗೆ ಆಪರೇಷನ್ ಆಗಿದೆ, ಮೂತ್ರ ಸೋರುತ್ತದೆ, ಅದಕ್ಕೆ ಆಗುವಂಥದ್ದು ಕೊಡಿ’ ಎಂದು ಕೇಳಿ ತಂದಳು. ಗಂಡಸರಿಗೆಂದೇ ಮುಂದೆ ದಪ್ಪ ಇರುವ ಪ್ಯಾಡ್ ಇವೆ. ದೊಡ್ಡವರ ಡೈಪರ್ ಇದೆ. ಒದ್ದೆಯಾದ ಕೂಡಲೇ ಬದಲಾಯಿಸಿ, ತೊಳೆದು, ಒರೆಸಿಕೊಳ್ಳಿ. ಇಲ್ಲದಿದ್ದರೆ ತೊಡೆಸಂದಿ ಸುಲಿದು ಹೋಗುತ್ತದೆ. ಮಳೆಗಾಲದಲ್ಲಿ ಬಟ್ಟೆಯ ಭರವಸೆ ಬೇಡ. ನಮ್ಮಲ್ಲಿ ಜುಲೈ ತಿಂಗಳಲ್ಲಿ ಟವೆಲೇ ನಾಲ್ಕು ದಿನ ಒಣಗುವುದಿಲ್ಲ.

ಒಂದು ದಡ್ಡ ಕೆಲಸ ಮಾಡಿದೆ, ನೀವು ಮಾಡಬೇಡಿ. ಸೋರುತ್ತದೆ ಎಂದು ನೀರು ಕುಡಿಯುವುದನ್ನೇ ಬಿಟ್ಟೆ. ಮೂತ್ರ ಗಟ್ಟಿಯಾಗಿ ಉರಿ ಶುರುವಾಯಿತು. ಉರಿ ಹೆಚ್ಚಾದಂತೆ ಅವಸರವೂ ಹೆಚ್ಚಾಯಿತು. ಕೊನೆಗೆ ಸೋಂಕು, ಜ್ವರ. ಡಾಕ್ಟರು ಬೈದರು. ಹಗಲು ಹೊತ್ತು ಸ್ವಲ್ಪ ಸ್ವಲ್ಪವಾಗಿ ಒಂದೂವರೆ, ಎರಡು ಲೀಟರ್ ಕುಡಿಯಿರಿ, ಮಲಗುವ ಎರಡು ಮೂರು ಗಂಟೆ ಮೊದಲು ಕಡಿಮೆ ಮಾಡಿ ಎಂದರು. ಕಡಿಮೆ ಮಾಡಬೇಕಾದ್ದು ಚಹಾ, ಕಾಫಿ. ಅದು ಮೂತ್ರಚೀಲವನ್ನು ಕೆರಳಿಸುತ್ತದೆ. ನಮ್ಮ ಮನೆಗಳಲ್ಲಿ ಯಾರು ಬಂದರೂ ಒಂದು ಲೋಟ ಚಹಾ, ದಿನಕ್ಕೆ ಆರಾದರೂ ಆಗುತ್ತದೆ. ನಾನು ಎರಡಕ್ಕೆ ಇಳಿಸಿದೆ. ಬಂದವರ ಜೊತೆ ಕಷಾಯ.

ಇನ್ನು ವ್ಯಾಯಾಮ. ಆರ್ನಾಲ್ಡ್ ಕೆಗೆಲ್ ಎಂಬ ಡಾಕ್ಟರು 1948ರಲ್ಲಿ ಹೆರಿಗೆಯಾದ ಹೆಂಗಸರಿಗೆಂದು ಹೇಳಿಕೊಟ್ಟಿದ್ದು. ಅವರ ಹೆಸರಲ್ಲೇ ಕರೆಯುತ್ತಾರೆ. ಯೋಗ ಮಾಡುವವರಿಗೆ ಮೂಲಬಂಧ ಗೊತ್ತಿರುತ್ತದೆ, ಹತ್ತಿರ ಹತ್ತಿರ ಅದೇ. ಹೇಗೆ ಎಂದರೆ, ಹತ್ತು ಜನರ ನಡುವೆ ಕೂತಾಗ ಗಾಳಿ ಹೋಗುವ ಹಾಗಾದರೆ ಏನು ಮಾಡುತ್ತೀರಿ? ಒಳಗೆ ಎಳೆದು ಬಿಗಿ ಹಿಡಿಯುತ್ತೀರಿ. ಅಷ್ಟೇ. ಐದು ಸೆಕೆಂಡ್ ಬಿಗಿ, ಐದು ಸೆಕೆಂಡ್ ಸಡಿಲ. ರೂಢಿಯಾದ ಮೇಲೆ ಹತ್ತು. ಹತ್ತು ಸಲ ಮಾಡಿದರೆ ಒಂದು ಸುತ್ತು, ದಿನಕ್ಕೆ ಮೂರು ಸುತ್ತು. ಮಾಡಿ ನೋಡಿ, ಯಾರಿಗೂ ಗೊತ್ತಾಗುವುದಿಲ್ಲ. ಉಸಿರು ಕಟ್ಟಬಾರದು. ಹೊಟ್ಟೆ, ತೊಡೆ ಬಿಗಿ ಮಾಡಬಾರದು. ಮೂರನೇ ಸಾಲಿನಲ್ಲಿ ಒಬ್ಬರು ಭುಜ ಎತ್ತಿದರು. ಭುಜಕ್ಕೂ ಇದಕ್ಕೂ ಸಂಬಂಧವಿಲ್ಲ ಸ್ವಾಮಿ.

ಮೂತ್ರ ಮಾಡುವಾಗ ತಡೆದು ತಡೆದು ಅಭ್ಯಾಸ ಮಾಡಬೇಡಿ. ಯಾವ ಸ್ನಾಯು ಎಂದು ಗುರುತಿಸಲು ಒಮ್ಮೆ ನೋಡಿದರೆ ಸಾಕು. ಇನ್ನೊಂದು ಸೂಕ್ಷ್ಮ ಇದೆ. ಕೆಮ್ಮುವ ಮೊದಲು, ಸೀನುವ ಮೊದಲು, ನೆಲದಿಂದ ಏಳುವ ಮೊದಲು ಒಮ್ಮೆ ಬಿಗಿ ಹಿಡಿದು ಆಮೇಲೆ ಏಳಬೇಕು. ನನಗೆ ಅರ್ಧ ಸಮಸ್ಯೆ ಕಡಿಮೆಯಾಗಿದ್ದು ಇದರಿಂದ.

ಪಾಠ ಮಾಡಿದವನ ಅಭ್ಯಾಸ, ಲೆಕ್ಕ ಬರೆದಿಟ್ಟಿದ್ದೇನೆ. ಮೊದಲ ತಿಂಗಳು ದಿನಕ್ಕೆ ಐದು ಪ್ಯಾಡ್. ನಾಲ್ಕನೇ ತಿಂಗಳಿಗೆ ಎರಡು. ಹನ್ನೊಂದನೇ ತಿಂಗಳಿಗೆ ಹೊರಗೆ ಹೋಗುವಾಗ ಮಾತ್ರ ಒಂದು ತೆಳ್ಳನೆಯದು, ಅದೂ ಧೈರ್ಯಕ್ಕೆ. ಹೆಚ್ಚಿನವರಿಗೆ ಆರು ತಿಂಗಳು, ಒಂದು ವರ್ಷದೊಳಗೆ ಹಿಡಿತ ಬರುತ್ತದೆ. ಈಗಲೂ ಅಡಿಕೆ ಚೀಲ ಎತ್ತಿದರೆ ನನಗೆ ಒಂದೆರಡು ಹನಿ ಹೋಗುತ್ತದೆ. ವರ್ಷ ಕಳೆದರೂ ಪಂಚೆ ಒದ್ದೆಯಾಗುತ್ತಲೇ ಇದ್ದರೆ ಅದೇ ಹಣೆಬರಹ ಎಂದು ಕೂರಬೇಡಿ. ಮೂತ್ರನಾಳಕ್ಕೆ ಆಸರೆ ಕೊಡುವ ಪಟ್ಟಿ ಹಾಕುತ್ತಾರೆ, ಕೃತಕ ಕವಾಟ ಕೂರಿಸುತ್ತಾರೆ. ಇದೆಯೇ ಎಂದು ಕೇಳಿದವರಿಗೆ ಮಾತ್ರ ಅದು ಸಿಗುತ್ತದೆ.

ಇಲ್ಲಿ ತಾಳಮದ್ದಳೆ ನೆನಪಾಯಿತು. ನಾನು ಕೌರವನ ಅರ್ಥ ಹೇಳುತ್ತಿದ್ದವನು. ಕೌರವ ಸಭೆ ಬಿಟ್ಟು ಏಳುವ ಹಾಗಿಲ್ಲ. ಎರಡು ತಾಸು ಚಕ್ಕಳ ಮಟ್ಟೆ ಹಾಕಿ, ಬಿಳಿ ಪಂಚೆಯಲ್ಲಿ, ಮೈಕಿನ ಎದುರು. ಒಂದು ವರ್ಷ ಒಲ್ಲೆ ಒಲ್ಲೆ ಎಂದು ತಪ್ಪಿಸಿಕೊಂಡೆ. ಗಂಟಲು ನೋವು ಎಂದೆ, ಮರೆವು ಎಂದೆ. ಕೊನೆಗೆ ನಮ್ಮ ಭಾಗವತರಿಗೆ ನಿಜ ಹೇಳಿದೆ. ಅವರು ಒಂದು ಗಳಿಗೆ ಸುಮ್ನೆ ಇದ್ದು, ‘ಹಾಗಾದ್ರೆ ನೀವು ವಿದುರ ಮಾಡಿ. ಬಿಲ್ಲು ಮುರಿದು ಸಭೆ ಬಿಟ್ಟು ಎದ್ದು ಹೋಗುವ ಪಾತ್ರ. ಅವಸರ ಆದರೆ ಸ್ವಲ್ಪ ಬೇಗ ಮುರೀರಿ’ ಎಂದರು. ಈಗ ಐದು ವರ್ಷದಿಂದ ನಾನು ವಿದುರ. ಜನ ಹೊಗಳುತ್ತಾರೆ, ‘ಎಷ್ಟು ಸಿಟ್ಟಿನಿಂದ ಎದ್ದು ಹೋದಿರಿ ಮೇಷ್ಟ್ರೇ!’ ಅದು ಸಿಟ್ಟಲ್ಲ ಎಂದು ಭಾಗವತರಿಗೆ ಗೊತ್ತು.

ಬಸ್ಸಿನಲ್ಲೂ ಅಷ್ಟೇ. ಹುಬ್ಬಳ್ಳಿ ಇಲ್ಲಿಂದ 100 ಕಿಲೋಮೀಟರ್ ಹತ್ತಿರ. ಹತ್ತುವಾಗಲೇ ಕಂಡಕ್ಟರಿಗೆ ಮೆಲ್ಲಗೆ ಹೇಳಿಬಿಡುತ್ತೇನೆ, ‘ತಮಾ, ಆಪರೇಷನ್ ಆಗಿದೆ, ಮಧ್ಯೆ ಒಮ್ಮೆ ನಿಲ್ಲಿಸಬೇಕಾದೀತು’. ಇದುವರೆಗೆ ಒಬ್ಬರೂ ಇಲ್ಲ ಅಂದಿಲ್ಲ. ಶಿರಸಿಗಂತೂ ರೈಲಿಲ್ಲ. ಘಟ್ಟದ ಕೆಳಗಿನವರಿಗೆ, ಹುಬ್ಬಳ್ಳಿಯಿಂದ ಮುಂದೆ ಹೋಗುವವರಿಗೆ ರೈಲೇ ವಾಸಿ, ಶೌಚಾಲಯ ಇರುತ್ತದೆ. ಚಿಕಿತ್ಸೆಗೆ, ತಪಾಸಣೆಗೆ ಹೋಗುವ ಕ್ಯಾನ್ಸರ್ ರೋಗಿಗೆ ಟಿಕೆಟಿನಲ್ಲಿ ರಿಯಾಯಿತಿಯೂ ಇದೆ. ಆಸ್ಪತ್ರೆಯಿಂದ ರೈಲ್ವೆಯ ನಮೂನೆಯಲ್ಲಿ ಪ್ರಮಾಣಪತ್ರ ತರಬೇಕು.

ಈಗ ಹೇಳುವುದಕ್ಕೆ ಮನೆಯವಳ ಒಪ್ಪಿಗೆ ಕೇಳಿಕೊಂಡೇ ಬಂದಿದ್ದೇನೆ. ಎರಡನೇ ಸಾಲಿನಲ್ಲಿ ಕೂತಿದ್ದಾಳೆ.

ಮೂರನೇ ಸಲ ತಪಾಸಣೆಗೆ ಹೋದಾಗ ಡಾಕ್ಟರು ‘ಮತ್ತೇನಾದರೂ ತೊಂದರೆ?’ ಎಂದರು. ಏನಿಲ್ಲ ಎಂದೆ. ಇವಳು ಹೇಳಿದಳು, ‘ಇದೆ ಡಾಕ್ಟ್ರೇ. ಇವರು ಆರು ತಿಂಗಳಿಂದ ಜಗಲಿಯಲ್ಲಿ ಮಲಗುತ್ತಾರೆ. ಕೇಳಿದರೆ ಸೆಕೆ ಅಂತಾರೆ. ಜನವರಿಯಲ್ಲಿ ನಮ್ಮೂರಲ್ಲಿ ಎಂಥ ಸೆಕೆ?’ ಡಾಕ್ಟರು ಪೆನ್ನು ಕೆಳಗಿಟ್ಟರು. ಆಗಲೇ ನಿಜವಾದ ಮಾತು ಶುರುವಾಗಿದ್ದು.

ಗಂಡಸುತನ ನಡೆಸುವ ಆ ನರ ಉಳಿಸಿದ್ದರೂ ಅದು ಎಚ್ಚರಗೊಳ್ಳಲು ಎರಡು ವರ್ಷವೂ ಹಿಡಿಯಬಹುದು. ಕೆಲವರಿಗೆ ಪೂರ್ತಿ ಮರಳುವುದಿಲ್ಲ. ಗ್ರಂಥಿ ತೆಗೆದ ಮೇಲೆ ವೀರ್ಯ ಬರುವುದಿಲ್ಲ, ಆದರೆ ಸುಖದ ಅನುಭವ ಹೋಗುವುದಿಲ್ಲ. ಇದನ್ನು ಗೊತ್ತಿಲ್ಲದೆ ಹೆದರಿದವರಿದ್ದಾರೆ. ಮಾತ್ರೆ ಇದೆ, ಸಿಲ್ಡೆನಾಫಿಲ್, ಟಡಾಲಾಫಿಲ್ ಎಂದು. ಗಾಳಿ ಎಳೆಯುವ ಪಂಪ್ ಇದೆ, ಚುಚ್ಚುಮದ್ದು ಇದೆ. ಆದರೆ ಒಂದನ್ನು ಗಟ್ಟಿಯಾಗಿ ಹೇಳುತ್ತೇನೆ, ಕೇಳಿ. ಎದೆನೋವಿಗೆ ನಾಲಿಗೆ ಕೆಳಗೆ ಇಡುವ ಸಾರ್ಬಿಟ್ರೇಟ್‌ನಂಥ ಮಾತ್ರೆ ತೆಗೆದುಕೊಳ್ಳುವವರು ಈ ಗುಳಿಗೆ ಮುಟ್ಟಬಾರದು. ರಕ್ತದೊತ್ತಡ ದಿಢೀರ್ ಕುಸಿದು ಜೀವಕ್ಕೇ ಬರುತ್ತದೆ. ಜಾತ್ರೆಯ ಡೇರೆಯಲ್ಲಿ ಮಾರುವ ಪುಡಿಯೂ ಬೇಡ. ಗಿಡಮೂಲಿಕೆ ಎಂದು ಹೇಳಿ ಅದೇ ಗುಳಿಗೆಯ ಪುಡಿಯನ್ನು ಬೆರೆಸಿರುವುದುಂಟು. ಎಷ್ಟು ಬೆರೆಸಿದ್ದಾರೆಂದು ಮಾರುವವನಿಗೂ ಗೊತ್ತಿರುವುದಿಲ್ಲ.

ನಮ್ಮಿಬ್ಬರ ಮಟ್ಟಿಗೆ ಮೊದಲಿನ ಹಾಗೆ ಆಗಲಿಲ್ಲ. ಆದರೆ ಜಗಲಿಯಿಂದ ಒಳಗೆ ಬಂದೆ. ಇದರ ಬಗ್ಗೆ ಇಷ್ಟು ಸಾಕು.

ಪಿಎಸ್‌ಎ ಎಂಬ ರಕ್ತಪರೀಕ್ಷೆ ನಿಮಗೆ ಗೊತ್ತಿರಬಹುದು. ಪ್ರಾಸ್ಟೇಟ್ ಗ್ರಂಥಿ ರಕ್ತಕ್ಕೆ ಬಿಡುವ ಒಂದು ಅಂಶವನ್ನು ಅಳೆಯುವುದು, ಕ್ಯಾನ್ಸರ್ ಮತ್ತೆ ತಲೆ ಎತ್ತಿದೆಯೇ ಎಂದು ನೋಡಲು. ಮೊದಲ ಕೆಲವು ವರ್ಷ ಮೂರು ತಿಂಗಳಿಗೋ ಆರು ತಿಂಗಳಿಗೋ ಒಮ್ಮೆ, ಆಮೇಲೆ ವರ್ಷಕ್ಕೊಮ್ಮೆ. ಆ ದಿನ ಹತ್ತಿರ ಬಂದಂತೆ ನಿದ್ದೆ ಹೋಗುತ್ತದೆ. ಊಟ ರುಚಿಸುವುದಿಲ್ಲ. ಫೋನಿಗೆ ರಿಪೋರ್ಟ್ ಬಂದಾಗ ತೆರೆಯಲು ಕೈ ನಡುಗುತ್ತದೆ. ಒಮ್ಮೆ 0.04 ಇದ್ದದ್ದು ಇನ್ನೊಮ್ಮೆ 0.06 ಆದರೆ ರಾತ್ರಿಯೆಲ್ಲ ಅದೇ ಲೆಕ್ಕ. ಡಾಕ್ಟರು ನನ್ನನ್ನು ಕೇಳಿದರು, ‘ನೀವು ಅಡಿಕೆ ಬೆಳೆಗಾರರಲ್ಲವೇ? ಒಂದು ದಿನದ ಧಾರಣೆ ನೋಡಿ ಚೀಲ ಹೊರಗೆ ಹಾಕುತ್ತೀರಾ?’ ಇಲ್ಲ. ಚಾಲಿ ಅಡಿಕೆಯ ದರ ಇವತ್ತು ನೂರು ರೂಪಾಯಿ ಇಳಿದರೆ ಯಾರೂ ಗಾಬರಿಯಾಗುವುದಿಲ್ಲ. ಎರಡು ಮೂರು ತಿಂಗಳು ಯಾವ ಕಡೆ ಹೋಗುತ್ತಿದೆ ಎಂದು ನೋಡುತ್ತೇವೆ. ಇದೂ ಹಾಗೇ. ಆದಷ್ಟು ಒಂದೇ ಲ್ಯಾಬಿನಲ್ಲಿ ಮಾಡಿಸಿ. ದಿನಾಂಕ ಹಾಕಿ ಒಂದು ಪುಸ್ತಕದಲ್ಲಿ ಬರೆದಿಡಿ.

ಲೆಕ್ಕ ಒಬ್ಬೊಬ್ಬರಿಗೆ ಒಂದೊಂದು. ಗ್ರಂಥಿಯನ್ನೇ ತೆಗೆದವರಿಗೆ ಪಿಎಸ್‌ಎ ಸೊನ್ನೆಯ ಹತ್ತಿರ ಇರಬೇಕು. 0.2 ತಲುಪಿ, ಮತ್ತೆ ಮಾಡಿಸಿದಾಗಲೂ ಅಷ್ಟೇ ಅಥವಾ ಜಾಸ್ತಿ ಬಂದರೆ ಡಾಕ್ಟರು ಮುಂದಿನ ಹೆಜ್ಜೆ ಯೋಚಿಸುತ್ತಾರೆ. ಗ್ರಂಥಿ ಇಟ್ಟುಕೊಂಡು ರೇಡಿಯೇಷನ್ ಮಾತ್ರ ಪಡೆದವರಿಗೆ ಸಾಮಾನ್ಯವಾಗಿ ಸೊನ್ನೆ ಆಗುವುದಿಲ್ಲ. ಅವರಿಗೆ ಎಲ್ಲಕ್ಕಿಂತ ಕೆಳಗಿಳಿದ ಅಂಕಿಗಿಂತ 2 ಮೇಲೆ ಹೋದರೆ ಆಗ ಯೋಚನೆ. ನಡುವೆ ಒಮ್ಮೆ ಏರಿ ತಾನೇ ಇಳಿಯುವುದೂ ಉಂಟು. ಪಕ್ಕದ ಮನೆಯವರ ಅಂಕಿಗೆ ನಿಮ್ಮದನ್ನು ಹೋಲಿಸಬೇಡಿ.

ನನ್ನದು ಎರಡು ವರ್ಷಕ್ಕೆ 0.2 ಮುಟ್ಟಿತು. ಎರಡನೇ ಸಲವೂ ಹಾಗೇ ಬಂತು. 33 ಸಲ ರೇಡಿಯೇಷನ್, ವಾರಕ್ಕೆ ಐದು ದಿನ, ಆರೂವರೆ ವಾರ ಪರ ಊರಿನಲ್ಲಿ ರೂಮು. ಅಲ್ಲಿ ನಿಯಮ ಏನು ಗೊತ್ತೇ? ಮಲವಿಸರ್ಜನೆ ಮುಗಿಸಿಕೊಂಡು, ನೀರು ಕುಡಿದು, ಮೂತ್ರಚೀಲ ತುಂಬಿಸಿಕೊಂಡು ಬಂದು ಮಲಗಬೇಕು. ತುಂಬಿದ್ದರೆ ಅದು ಕಿರಣದ ದಾರಿಯಿಂದ ಸ್ವಲ್ಪ ಸರಿದಿರುತ್ತದೆ. ಹಿಡಿದುಕೊಳ್ಳಲು ಆಗುವುದಿಲ್ಲ ಎಂದು ವರ್ಷವೆಲ್ಲ ಅತ್ತವನಿಗೆ ಹಿಡಿದುಕೊಂಡು ಬಾ ಎಂದರು! ಆಗ ಕೆಗೆಲ್ ಉಪಕಾರಕ್ಕೆ ಬಂತು.

ರೇಡಿಯೇಷನ್ ಮುಗಿದು ಎರಡು ವರ್ಷ ಆದಮೇಲೆ ಒಂದು ದಿನ ಬೆಳಿಗ್ಗೆ ಮಲದಲ್ಲಿ ರಕ್ತ. ಮೂಲವ್ಯಾಧಿ ಇರಬೇಕೆಂದು ಸುವರ್ಣಗಡ್ಡೆ ಪಲ್ಯ ತಿನ್ನುತ್ತಾ ಮೂರು ವಾರ ಕಳೆದೆ. ಅದು ಕಿರಣ ತಾಗಿದ ಗುದನಾಳದ ಗಾಯ. ತಡವಾಗಿ ಬರುವುದೇ ಅದರ ಸ್ವಭಾವ. ನನ್ನದು ಮದ್ದಿನಲ್ಲೇ ವಾಸಿಯಾಯಿತು. ಮಲದಲ್ಲಾಗಲಿ ಮೂತ್ರದಲ್ಲಾಗಲಿ ರಕ್ತ ಕಂಡರೆ ಹೋಗಿ ತೋರಿಸಿ. ಹಲ್ಲಿನವರಿಂದ ಹಿಡಿದು ಹೊಟ್ಟೆಯವರವರೆಗೆ ಯಾವ ಡಾಕ್ಟರ ಹತ್ತಿರ ಹೋದರೂ ಏನೇನು ಚಿಕಿತ್ಸೆ ಆಗಿದೆ ಎಂದು ಹೇಳಿ.

ಹಾರ್ಮೋನ್ ಇಂಜೆಕ್ಷನ್ ಬೇರೆಯೇ ಕಥೆ. ಗಂಡು ಹಾರ್ಮೋನು ಈ ಕ್ಯಾನ್ಸರಿಗೆ ಗೊಬ್ಬರ ಇದ್ದ ಹಾಗೆ ಎಂದು ಚಾರ್ಲ್ಸ್ ಹಗಿನ್ಸ್ ಎಂಬುವರು 1941ರಲ್ಲಿ ತೋರಿಸಿದರು, 1966ರಲ್ಲಿ ಅದಕ್ಕೆ ನೊಬೆಲ್ ಬಂತು. ಗೊಬ್ಬರ ನಿಲ್ಲಿಸುವುದೇ ಇಂಜೆಕ್ಷನ್ ಮಾಡುವ ಕೆಲಸ. ಆದರೆ ಆ ಗೊಬ್ಬರ ಮೂಳೆಗೂ ಬೇಕು, ಮಾಂಸಖಂಡಕ್ಕೂ ಬೇಕು, ಮನಸ್ಸಿಗೂ ಬೇಕು. ಆಷಾಢದ ಮಳೆಯಲ್ಲಿ ಮನೆಯವರೆಲ್ಲ ಕಂಬಳಿ ಹೊದ್ದು ಕೂತಿರುವಾಗ ನಾನು ಬೀಸಣಿಗೆ ಬೀಸಿಕೊಳ್ಳುತ್ತಿದ್ದೆ. ಒಳಗಿಂದ ಬೆಂಕಿ ಏರಿದ ಹಾಗೆ, ಬೆವರು, ಎರಡು ನಿಮಿಷಕ್ಕೆ ಚಳಿ. ಮನೆಯವಳು ‘ಮುಟ್ಟು ನಿಲ್ಲುವಾಗ ನಮಗೂ ಹೀಗೇ ಆಗಿದ್ದು, ಈಗ ಗೊತ್ತಾಯ್ತಾ’ ಎಂದಳು. ಯಕ್ಷಗಾನದ ಆಟ ನೋಡಲು ಹೋದರೆ ಚಂದ್ರಮತಿ ಬಾಯಿ ತೆರೆಯುವ ಮೊದಲೇ ನನ್ನ ಕಣ್ಣಲ್ಲಿ ನೀರು.

ನನಗೆ ಆರೇ ತಿಂಗಳು. ವರ್ಷಗಟ್ಟಲೆ ಇಂಜೆಕ್ಷನ್ ತೆಗೆದುಕೊಳ್ಳುವವರಿದ್ದಾರೆ, ಖರ್ಚು ತಡೆಯಲಾಗದೆ ವೃಷಣ ತೆಗೆಸಿದವರಿದ್ದಾರೆ. ಅವರಿಗೆ ಮೂಳೆ ಸವೆಯುವುದೇ ದೊಡ್ಡ ಅಪಾಯ. ಸಕ್ಕರೆ ಕಾಯಿಲೆ, ಹೃದಯದ ಕಡೆಯೂ ಕಣ್ಣಿರಬೇಕು. ಮೂಳೆ ಎಷ್ಟು ಗಟ್ಟಿ ಇದೆ ಎಂದು ನೋಡುವ ಡೆಕ್ಸಾ ಸ್ಕ್ಯಾನ್ ಇದೆ, ಕೇಳಿ. ಮತ್ತೆ ನಮ್ಮ ಅಂಗಳ! ಮಳೆಗಾಲದಲ್ಲಿ ಹಾವಸೆ ಕಟ್ಟಿ ಎಣ್ಣೆ ಬಳಿದ ಹಾಗಿರುತ್ತದೆ. ಬಚ್ಚಲು ಮನೆಯ ಹೊರಗೆ. ರಾತ್ರಿ ಮೂರು ಸಲ ಏಳುವ ಮನುಷ್ಯ, ಸವೆದ ಮೂಳೆ, ಜಾರುವ ನೆಲ. ಸೊಂಟ ಮುರಿಯಲು ಇನ್ನೇನು ಬೇಕು? ಜೂನ್ ಮೊದಲ ವಾರವೇ ಅಂಗಳಕ್ಕೆ ಅಡಿಕೆ ದಬ್ಬೆ ಹಾಸಿ. ಬಚ್ಚಲ ದಾರಿಗೆ ಒಂದು ಬಲ್ಬು, ಹಿಡಿದುಕೊಳ್ಳಲು ಒಂದು ಕಂಬಿ. ಅದಕ್ಕೆ ದೊಡ್ಡ ಖರ್ಚಿಲ್ಲ.

ವಾರಕ್ಕೆ 150 ನಿಮಿಷವಾದರೂ ಬಿರುಸಾಗಿ ನಡೆಯಿರಿ ಎನ್ನುತ್ತಾರೆ. ತೋಟಕ್ಕೆ ಹೋಗಿ ಬರುತ್ತೇನಲ್ಲ ಎಂದು ನಾನೂ ವಾದ ಮಾಡಿದ್ದೆ. ಅದು ನಿಂತು ನಿಂತು ನಡೆಯುವುದು, ಲೆಕ್ಕಕ್ಕಿಲ್ಲ. ನಡಿಗೆಯ ಜೊತೆ ಸ್ನಾಯುವಿಗೆ ಭಾರದ ಕೆಲಸವೂ ಬೇಕು. ಕೈ ಊರದೆ ಕುರ್ಚಿಯಿಂದ ಹತ್ತು ಸಲ ಎದ್ದು ಕೂರುವುದು, ನೀರು ತುಂಬಿದ ಬಾಟಲಿ ಎತ್ತುವುದು. ಇಂಜೆಕ್ಷನ್ ದಿನಗಳಲ್ಲಿ ಸುಸ್ತು ಕಡಿಮೆ ಮಾಡಿದ್ದು ನನಗೆ ಅದೊಂದೇ.

ಊಟದಲ್ಲಿ ಪವಾಡ ಇಲ್ಲ. ಮಜ್ಜಿಗೆ, ಎಳ್ಳಿನ ತಂಬುಳಿ, ರಾಗಿ. 100 ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗಿಂತ ಜಾಸ್ತಿ ಕ್ಯಾಲ್ಸಿಯಂ ಇದೆ. ಮೀನು ತಿನ್ನುವವರಿಗೆ ಮುಳ್ಳಿನ ಸಮೇತ ಅಗಿಯುವ ತಾರ್ಲೆ ಒಳ್ಳೆಯದು. ಲಕ್ಷ್ಮಣ ಫಲ ತಿಂದರೆ ಕ್ಯಾನ್ಸರ್ ಹೋಗುತ್ತದೆ ಎಂದು ನನಗೆ ನಾಲ್ಕು ಮನೆಯಿಂದ ಹಣ್ಣು ಬಂದಿತ್ತು. ಹಣ್ಣು ರುಚಿಯಾಗಿತ್ತು. ಅಷ್ಟೇ. ಕವಳದ, ಅಂದರೆ ಎಲೆಯಡಿಕೆಯ ವಿಷಯ ಅಡಿಕೆ ಬೆಳೆಗಾರ ಹೇಳಿದರೆ ನಗುತ್ತೀರಿ. ಆದರೆ ಅಡಿಕೆ ಅಗಿಯುವುದೇ ಕ್ಯಾನ್ಸರ್ ತರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲೇ ಪಟ್ಟಿಗೆ ಸೇರಿಸಿದೆ. ತಂಬಾಕು ಸೇರಿದರೆ ಇನ್ನೂ ಕಷ್ಟ. ನಾನು ಬಿಟ್ಟಿದ್ದೇನೆ. ತೋಟ ಬಿಟ್ಟಿಲ್ಲ. ಈ ವಿರೋಧಾಭಾಸಕ್ಕೆ ನನ್ನ ಹತ್ತಿರ ಉತ್ತರವಿಲ್ಲ.

ನನ್ನ ಅಪ್ಪಯ್ಯ ‘ಮೂತ್ರಕಟ್ಟು’ ಎಂಬ ಕಾಯಿಲೆಯಲ್ಲಿ ಹೋದರು. ಬೆನ್ನು ನೋವು ಎಂದು ಕೊನೆಯ ವರ್ಷ ಹಾಸಿಗೆ ಬಿಟ್ಟು ಏಳಲಿಲ್ಲ. ಅದು ಏನಾಗಿತ್ತು ಎಂದು ಈಗ ಅಂದಾಜಾಗುತ್ತದೆ. ತಂದೆಗೋ ಅಣ್ಣ ತಮ್ಮಂದಿರಿಗೋ ಇದ್ದರೆ ಗಂಡು ಮಕ್ಕಳಿಗೆ ಬರುವ ಸಾಧ್ಯತೆ ಸುಮಾರು ಎರಡು ಪಟ್ಟು. ಹೆದರಿಸುವುದಕ್ಕಲ್ಲ, 45ರ ಹೊತ್ತಿಗೆ ಡಾಕ್ಟರನ್ನು ಕೇಳಿ ಪಿಎಸ್‌ಎ ಮಾಡಿಸಲಿ ಎಂದು. ಬೆಂಗಳೂರಿನ ಮಗನಿಗೆ ಫೋನಿನಲ್ಲಿ ಹೇಳಲು ನನಗೆ ಮೂರು ದಿನ ಬೇಕಾಯಿತು. ಅವನು ‘ಆಯ್ತು ಅಪ್ಪಯ್ಯ’ ಎಂದ. ಎರಡು ನಿಮಿಷದ ಮಾತು.

ಕೊನೆಗೆ ಒಂದು ಉಪಾಯ. ಅಷ್ಟು ದೂರ ಹೋದರೆ ಡಾಕ್ಟರು ಸಿಗುವುದು ಐದು ನಿಮಿಷ. ಅವರನ್ನು ದೂರಿ ಫಲವಿಲ್ಲ, ಹೊರಗೆ ಅರವತ್ತು ಜನ ಕಾಯುತ್ತಿರುತ್ತಾರೆ. ಅದಕ್ಕೇ ಮನೆಯಲ್ಲೇ ಚೀಟಿ ಬರೆದುಕೊಂಡು ಹೋಗುತ್ತೇನೆ. ಮುಜುಗರದ ಪ್ರಶ್ನೆಯನ್ನು ಮೊದಲು ಬರೆಯುತ್ತೇನೆ. ಕೊನೆಗೆ ಬರೆದರೆ ಕೇಳದೆ ಎದ್ದು ಬರುತ್ತೇನೆ, ನನ್ನ ಬುದ್ಧಿ ನನಗೆ ಗೊತ್ತು. ಮುಂದಿನ ತಿಂಗಳ ಚೀಟಿ ಈಗಲೇ ಜೇಬಿನಲ್ಲಿದೆ. ಮೂರು ಪ್ರಶ್ನೆ. ಒಂದು, ಚೀಲ ಎತ್ತುವಾಗಿನ ಆ ಎರಡು ಹನಿಗೆ ಇನ್ನೇನಾದರೂ ಮಾಡಬಹುದೇ? ಎರಡನೆಯದು ಇವಳು ಬರೆದದ್ದು, ನನಗೆ ತೋರಿಸಿಲ್ಲ, ಮಡಚಿಟ್ಟಿದ್ದಾಳೆ. ಮೂರು, ಈ ಸಲದ ದೀಪಾವಳಿ ಮುಗಿದ ಮೇಲೆ ಎರಡು ತಾಸು ಕೂತು ಮತ್ತೆ ಕೌರವನ ಅರ್ಥ ಹೇಳಲೇ?